ಬೇಕೆಂದೇ ತಪ್ಪಿಸಿದ ಗುಂಡು

ಕೋವಿಗೆ ಹಾಕುವ ಎಣ್ಣೆಗೆ ತನ್ನದೇ ಒಂದು ವಾಸನೆಯಿದೆ. ಸೀಮೆಎಣ್ಣೆಯಷ್ಟು ಒರಟಲ್ಲ, ಕೊಬ್ಬರಿ ಎಣ್ಣೆಯಷ್ಟು ಸಾಧುವೂ ಅಲ್ಲ. ಈ ಬೆಳಿಗ್ಗೆ ಸ್ನಾನ ಮುಗಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು (ನನ್ನಲ್ಲಿ ಈ ಕ್ರಮ ತಪ್ಪುವುದಿಲ್ಲ, ತಪ್ಪಿಸಲು ನೋಡಿದವರು ಸೋತಿದ್ದಾರೆ) ಜಗಲಿಯಲ್ಲಿ ಕುಳಿತು ಕೋವಿಯ ನಳಿಗೆ ಒರೆಸುತ್ತಿದ್ದಾಗ ಆ ವಾಸನೆ ಮೂಗಿಗೆ ಹತ್ತಿತು. ಕೈ ಸ್ವಲ್ಪ ನಡುಗುತ್ತಿತ್ತು. ಈಚೆಗೆ ನಡುಗುತ್ತದೆ.

ನಾಡಿದ್ದು ಕೈಲ್ ಮುಹೂರ್ತ. ಅಂದು ನಮ್ಮ ಕೊಡಗಿನಲ್ಲಿ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ಊರ ಬಯಲಿನಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಹಿರಿಯನೆಂದು ಈ ಸಲ ಮೊದಲ ಗುಂಡು ನಾನೇ ಹೊಡೆಯಬೇಕಂತೆ. ಕೇಳಲು ಬಂದಿದ್ದ ಪಕ್ಕದ ಮನೆಯ ದಿನೇಶನನ್ನು, "ಕಣ್ಣು ಮಂದ ಮಾರಾಯ, ಬೇರೆ ಯಾರನ್ನಾದ್ರೂ ನೋಡಿ" ಎಂದು ನಿನ್ನೆ ಸಾಗಹಾಕಿದ್ದೆ. ಇದೇ ಕಣ್ಣಿನಲ್ಲಿ ಪತ್ರಿಕೆಯ ಸಣ್ಣಕ್ಷರದ ಜಾಹೀರಾತುಗಳನ್ನೂ ಓದುತ್ತೇನೆ ಎಂಬುದನ್ನು ಅವನಿಗೆ ಹೇಳಲಿಲ್ಲ. ಗಂಗತ್ತೆ ಇದ್ದಿದ್ದರೆ ಹೇಳಿಬಿಡುತ್ತಿದ್ದರು.

ಗಂಗತ್ತೆ ನನ್ನ ಅಪ್ಪನ ಅಕ್ಕ. ಮಡಿಕೇರಿಯಲ್ಲಿ ನರ್ಸ್ ಆಗಿದ್ದರು. ಗಂಜಿ ಹಾಕಿದ ಬಿಳಿ ಸೀರೆ, ಮುಂಗೈಯಲ್ಲಿ ಗಂಡಸರ ಗಡಿಯಾರ. ಸಿಟ್ಟು ಬಂದರೆ ಆಸ್ಪತ್ರೆಯ ಕನ್ನಡ, ಪ್ರೀತಿ ಬಂದರೆ ನಮ್ಮ ಮನೆಮಾತಾದ ಅರೆಭಾಷೆ. ಹಾಗಾಗಿ ಮೊದಲ ಮಾತಿನಲ್ಲೇ ಅವರ ಹವಾಮಾನ ತಿಳಿಯುತ್ತಿತ್ತು.

ನಾನು ಹೇಳುವುದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ಅಪ್ಪ ತೀರಿಕೊಂಡು ಅವರ ಒಂಟಿ ನಳಿಗೆಯ ಕೋವಿ ನನ್ನ ಪಾಲಿಗೆ ಬಂದಿತ್ತು. ಆಗಷ್ಟೇ ಮೇಷ್ಟರ ತರಬೇತಿ ಮುಗಿಸಿದ್ದೆ. ಅಲ್ಲಿಯ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಆ ಶಿಸ್ತಿಗೆ ನಾನು ಇಂದಿಗೂ ಋಣಿ. ಆದರೆ ಅಲ್ಲಿಂದ ಬಂದವನಿಗೆ ಲೋಕದಲ್ಲಿ ಎರಡೇ ಕಾಣುತ್ತಿದ್ದವು: ಸರಿ ಮತ್ತು ತಪ್ಪು. ಅಂಥವನು ಆ ವರ್ಷದ ಕೈಲ್ ಮುಹೂರ್ತದಲ್ಲಿ ಊರೆದುರು ಗುರಿ ತಪ್ಪಿದೆ. ಯಾರೋ "ಗಾಳಿಗುಂಡು!" ಎಂದು ಕೂಗಿದರು. ಅದೇ ಹೆಸರಾಯಿತು.

ದೊಡ್ಡಪ್ಪ ನಗಲಿಲ್ಲ. ಅದು ಇನ್ನೂ ಕೆಟ್ಟದ್ದು. "ಅಪ್ಪನ ಕೋವಿ ಮಗನ ಕೈಯಲ್ಲಿ ತಪ್ಪಿತು ಅಂದ್ರೆ ತೀರಿಹೋದ ಹಿರಿಯರು ಮುನಿದಿದ್ದಾರೆ" ಎಂದರು. ಕೆಲವೇ ದಿನಗಳಲ್ಲಿ ಉಳುವ ಎತ್ತೊಂದು ಸತ್ತಿತು. ಇನ್ನೇನು ಬೇಕು? ನಾನು ನಾಪೋಕ್ಲು ಸಂತೆಗೆ ಹೋಗುವುದನ್ನು ಬಿಟ್ಟೆ. ಅಂಗಡಿ ಜಗಲಿಯಲ್ಲಿ ಕೂತವರ ಕಣ್ಣು ತಪ್ಪಿಸಲು ಗದ್ದೆ ಬಳಸಿ ನಡೆಯುತ್ತಿದ್ದೆ. ಕೆಸರಿನಲ್ಲಿ ಬಿದ್ದರೆ ಅದೂ ಹಿರಿಯರ ಮುನಿಸೇ. ಮರುವರ್ಷ ಹಬ್ಬದ ಹೊತ್ತಿಗೆ ಭಾಗಮಂಡಲದ ಶಾಲೆಗೆ ನೇಮಕದ ಆದೇಶ ಬಂತು. ಒಂದು ಕೋಣೆ ತುಂಬ ಮಕ್ಕಳೆದುರು ನಿಲ್ಲುವುದನ್ನು ನೆನೆದೇ ಆದೇಶವನ್ನು ಮಡಚಿಟ್ಟೆ. ಒಲ್ಲೆನೆಂದು ಬರೆಯಲು ಕುಳಿತಿದ್ದಾಗ ಹಬ್ಬಕ್ಕೆಂದು ಅತ್ತೆ ಬಸ್ಸಿಳಿದು ಬಂದರು.

"ಏನ್ ಆತ್ ಮಗ?"

ಅರೆಭಾಷೆ. ಧೈರ್ಯ ಬಂತು. "ಕ್ಲಾಸಿನಲ್ಲಿ ನಿಂತ್ರೆ ಏನಾದ್ರೂ ತಪ್ಪು ಮಾಡ್ತೇನೆ ಅತ್ತೆ."

"ಮತ್ತೆ?"

"ಮಕ್ಕಳು ನಗ್ತವೆ."

"ಮತ್ತೆ?"

"ಊರೆಲ್ಲ ಗಾಳಿಗುಂಡು ಮೇಷ್ಟ್ರು ಅಂತದೆ."

"ಮತ್ತೆ?"

ಅದರಾಚೆ ಏನಿದೆಯೆಂದು ನಾನು ನೋಡಿಯೇ ಇರಲಿಲ್ಲ. "ನಗ್ತಾನೇ ಇರ್ತಾರೆ" ಎಂದೆ.

"ಊಟಕ್ಕೂ ಹೋಗದೆ?"

ಅತ್ತೆ ಆಸ್ಪತ್ರೆಯ ಕನ್ನಡಕ್ಕೆ ಹೊರಳಿದರು. "ಸೂಜಿ ಚುಚ್ಚೋದಕ್ಕೆ ಮೊದಲೇ ಕೆಲವರು ಕಿರುಚ್ತಾರೆ. ಅವರ ತಲೇಲಿ ಸೂಜಿ ಗುದ್ದಲಿಯಷ್ಟಿರ್ತದೆ. ನಿನ್ನ ತಲೇಲಿ ಆ ತೆಂಗಿನಕಾಯಿ ಎಷ್ಟು ದೊಡ್ಡದು? ಇರ್ಲಿ, ಹೋದ ವರ್ಷ ನಿನ್ನ ಹಾಗೆ ಗುರಿ ತಪ್ಪಿದವರು ಎಷ್ಟು ಜನ?"

"ನೋಡ್ಲಿಲ್ಲ. ತಲೆ ತಗ್ಗಿಸಿದ್ದೆ."

"ನೋಡದೆ ತೀರ್ಪು ಕೊಟ್ಟೆ!"

ಒಳಗಿಂದ ದೊಡ್ಡಪ್ಪ ಬಂದರು. "ಹಾಗಾದ್ರೆ ಎತ್ತು ಸತ್ತದ್ದು ಸುಳ್ಳಾ ಅಕ್ಕ?"

"ಸುಳ್ಳಲ್ಲ. ಅದರ ಬಾಯಲ್ಲಿ ಹಲ್ಲು ಉಳಿದಿತ್ತಾ, ಹೇಳು. ಹೋದ ವರ್ಷ ಕಾಯಿ ಹೊಡೆದವನು ಯಾರು?"

"ಸೋಮಣ್ಣ."

"ಅವನ ಹಸುವೂ ಸತ್ತಿತಲ್ಲ. ಹಿರಿಯರು ಅವನ ಮೇಲೆ ಯಾಕೆ ಮುನಿದ್ರು? ಗುರಿ ಸರಿಯಾಗಿ ಇಟ್ಟದ್ದಕ್ಕಾ?"

ದೊಡ್ಡಪ್ಪ ಎಲೆಯಡಿಕೆಯ ತಟ್ಟೆ ಹುಡುಕತೊಡಗಿದರು. ತಟ್ಟೆ ಅವರ ಕಾಲ ಬಳಿಯೇ ಇತ್ತು.

ಅತ್ತೆ ನನ್ನತ್ತ ತಿರುಗಿ ಮದ್ದು ಹೇಳಿದರು. "ನಾಳೆ ನೀನು ಬೇಕಂತಲೇ ತಪ್ಪಿಸ್ಬೇಕು. ತಪ್ಪಿಸಿ ಓಡಿ ಬರಬಾರ್ದು. ತಲೆ ಎತ್ತಿ ಅಲ್ಲೇ ನಿಂತು, ಆ ನಗು ಎಲ್ಲಿವರೆಗೆ ಹೋಗ್ತದೆ ಅಂತ ನೋಡ್ಬೇಕು."

"ತಪ್ಪಿಸಿದ್ರೆ ಇನ್ನು ಆ ಕೋವಿ ಇವನ ಕೈಗೆ ಕೊಡೋದಿಲ್ಲ" ಎಂದರು ದೊಡ್ಡಪ್ಪ.

"ಕೊಡ್ಬೇಡ. ಇವನಿಗೆ ಸೀಮೆಸುಣ್ಣ ಸಾಕು."

ಓದುಗರೇ, ಗುರಿ ತಪ್ಪುವುದು ಸುಲಭ. ತಪ್ಪಿಸುವುದು ಬಹಳ ಕಷ್ಟ. ಮರುದಿನ ಬಯಲಿನಲ್ಲಿ ನನ್ನ ಸರದಿ ಬಂದಾಗ, ಎಂದೂ ಇಲ್ಲದಂತೆ ಕೈ ನಿಶ್ಚಲವಾಗಿತ್ತು, ಕಾಯಿ ಎದುರಿಗೇ ಬಂದು ನಿಂತಂತಿತ್ತು. ಹೊಡೆದರೆ ಬಿದ್ದೇಬೀಳುತ್ತದೆ, ಹೆಸರೂ ಹೋಗುತ್ತದೆ ಎಂದು ಮನಸ್ಸು ಪುಸಲಾಯಿಸಿತು. ಹೆಂಗಸರ ಸಾಲಿನಲ್ಲಿ ಬಿಳಿ ಸೀರೆ ಕಂಡಿತು. ನಳಿಗೆಯನ್ನು ಮರದಿಂದಾಚೆ ಖಾಲಿ ಆಕಾಶಕ್ಕೆ ತಿರುಗಿಸಿ ಕೋವಿಯ ಕುದುರೆ ಎಳೆದು ಗುಂಡು ಹಾರಿಸಿದೆ.

"ಏಯ್ ಗಾಳಿಗುಂಡು, ಮೋಡಕ್ಕೆ ಏಟು ಬಿತ್ತು! ಹೋಗಿ ಹೊತ್ತುಕೊಂಡು ಬಾ!" ಸೋಮಣ್ಣನ ಕೂಗು. ಬಯಲೆಲ್ಲ ನಕ್ಕಿತು. ನಾನು ನಿಂತೆ. ಕಿವಿ ಕಾದ ಬಾಣಲೆಯಾಗಿತ್ತು. ಆದರೂ ತಲೆ ಎತ್ತಿ ನೋಡಿದೆ. ನಗು ಒಂದು ಸುತ್ತು ಹೋಯಿತು. ಎರಡನೆಯ ಸುತ್ತಿಗೆ ಮೊದಲೇ ಒಬ್ಬರು ಕೆಮ್ಮಿದರು. ಇನ್ನೊಬ್ಬರು ಹಂದಿಮಾಂಸಕ್ಕೆ ಉಪ್ಪು ಹಾಕಿದ್ದಾರಾ ಎಂದು ಕೇಳಿದರು. ಎಲ್ಲರೂ ಅತ್ತ ತಿರುಗಿದರು. ಅಷ್ಟೆ. ಒಂದು ವರ್ಷ ನಾನು ಗದ್ದೆ ಬಳಸಿ ನಡೆದದ್ದು ಇಷ್ಟಕ್ಕೆ. ನನ್ನ ನಂತರದವನು ತಪ್ಪಿದ, ಅವನ ನಂತರದವನೂ ತಪ್ಪಿದ. ಬಂದವರಲ್ಲಿ ಹೆಚ್ಚಿನವರು ತಪ್ಪಿದರು, ಹೋದ ವರ್ಷ ಗೆದ್ದ ಸೋಮಣ್ಣನೂ ಸೇರಿ. ತಪ್ಪಿದವರು ತಮ್ಮನ್ನೇ ಬೈದುಕೊಂಡು ಊಟಕ್ಕೆ ಹೋದರು.

ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ. ಕೋವಿಯನ್ನು ತಮ್ಮ ಕೋಣೆಯ ಗೋಡೆಗೆ ತೂಗುಹಾಕಿದರು. ಅವರು ತೀರಿಕೊಂಡ ಮೇಲಷ್ಟೇ ಅದು ನನ್ನ ಕೈಗೆ ಬಂದದ್ದು. ಅಪ್ಪನ ಕೋವಿಯಿಲ್ಲದ ಆ ವರ್ಷಗಳು ನನಗೆ ನೋವೇ ಆಗಿದ್ದವು. ಬೇಕೆಂದೇ ಗುರಿ ತಪ್ಪಿಸಿದ ಆ ವರ್ಷ ನಮ್ಮ ಎತ್ತುಗಳೆಲ್ಲ ಉಳಿದವು. ನಾನು ಹಿಗ್ಗಿ ಹೇಳಿದರೆ ಅತ್ತೆ ಗದರಿದರು: "ಸತ್ತಿದ್ರೂ ಅದಕ್ಕೂ ನಿನ್ನ ಗುಂಡಿಗೂ ಸಂಬಂಧ ಇರ್ಲಿಲ್ಲ. ಉಳಿದದ್ದಕ್ಕೂ ಇಲ್ಲ!"

ಹೆಸರು ಹೋಗಲಿಲ್ಲ. ಹಬ್ಬ ಕಳೆದು ಭಾಗಮಂಡಲದ ಶಾಲೆಗೆ ಹೋದರೆ ಅದು ನನಗಿಂತ ಮುಂಚಿನ ಬಸ್ಸಿನಲ್ಲೇ ಅಲ್ಲಿಗೆ ತಲುಪಿತ್ತು. ಕರಿಹಲಗೆಯ ಮೇಲೆ 'ಗಾಳಿಗುಂಡು' ಎಂದು ಬರೆದಿತ್ತು. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನೊಳಗೆ ಅತ್ತೆಯ ದನಿ "ಮತ್ತೆ?" ಎಂದಿತು. ಮತ್ತೇನು? "ಅಕ್ಷರ ದುಂಡಗಿಲ್ಲ. ಬರೆದವರು ಬಂದು ಇನ್ನೊಮ್ಮೆ ಚೆನ್ನಾಗಿ ಬರೆಯಿರಿ" ಎಂದೆ. ಮಕ್ಕಳು ನಕ್ಕರು, ನಾನೂ ನಕ್ಕೆ, ಪಾಠ ಶುರುವಾಯಿತು. ನಿವೃತ್ತಿಯ ದಿನದವರೆಗೂ ನಾನು ಗಾಳಿಗುಂಡು ಮೇಷ್ಟ್ರೇ.

ಇಷ್ಟೆಲ್ಲ ಕಂಡವನು, ಈ ವಯಸ್ಸಿನಲ್ಲಿ, ನಡುಗುವ ಕೈಗೆ ನಾಚಿ ಕಣ್ಣಿನ ಮೇಲೆ ನೆಪ ಹೊರಿಸಿದ್ದೆ! ಚಿಂದಿ ಮಡಚಿಟ್ಟೆ, ಎಣ್ಣೆಯ ಕೈ ತೊಳೆದೆ, ಬೇಲಿಯ ಬಳಿ ನಿಂತು ಕೂಗಿದೆ.

"ದಿನೇಶಾ, ಮೊದಲ ಗುಂಡು ನನ್ನದೇ!"

"ಕಣ್ಣು ಮಂದ ಅಂದ್ರಲ್ಲ ಮೇಷ್ಟ್ರೇ?"

"ಕಣ್ಣು ಸರಿಯಾಗಿದೆ. ನಡುಗೋದು ಕೈ. ತಪ್ಪಿದ್ರೆ ಎಲ್ಲರಿಗೂ ಜೋರಾಗಿ ನಗಲಿಕ್ಕೆ ಹೇಳು, ಈಗೀಗ ಕಿವಿ ಸ್ವಲ್ಪ ಮಂದ."