ಆ ಮನೆಯ ಚಹಾ

ಚಹಾದಲ್ಲಿ ವಿಷ ಬೆರೆಸಿ, ಮನೆಗೆ ಬಂದ ಬೀಗರನ್ನು ಒಬ್ಬರಾದ ಮೇಲೊಬ್ಬರಂತೆ ಕೊಂದು ಜೈಲು ಸೇರಿದವನ ಬಗ್ಗೆ ಪೇಪರಿಗೆ ಬರೆಯಲು ಸೊಲ್ಲಾಪುರದಿಂದ ಅಕ್ಕಲಕೋಟ ಕಡೆಯ ಅವನ ಊರಿಗೆ ಹೋಗಿದ್ದೆ. ಕೂಡುವ ಮೊದಲೇ ಅವನ ತಾಯಿ ತಂದಿಟ್ಟದ್ದು ಚಹಾ.

"ಈಗಽ ಕುಡದು ಬಂದೀನ್ರಿ ಆಯಿ," ಎಂದೆ.

ಮುದುಕಿಯ ಮುಖ ಸಣ್ಣದಾಯಿತು. "ಮಗ ಜೇಲಿಗೆ ಹೋದಾಗಿಂದ ನಮ್ಮನಿಗೆ ಬರೋರೆಲ್ಲಾ ಕುಡದಽ ಬಂದಿರ್ತಾರ ನೋಡ್ರಿ."

ನಾನು ಕಪ್ಪನ್ನೇ ನೋಡುತ್ತ ಕೂತೆ. ಕೊನೆಗೆ ಆಕೆಯೇ ಅರ್ಧ ಚಹಾ ಬಸಿಗೆ ಸುರುವಿಕೊಂಡು ಸೊರ್ರನೆ ಕುಡಿದಳು. ನನಗೆ ಹೋದ ಜೀವ ಬಂದಂತಾಯಿತು. ಉಳಿದದ್ದನ್ನು ಒಂದೇ ಗುಟುಕಿಗೆ ಮುಗಿಸಿದೆ.

"ನನ್ನ ಮಗನೂ ಹಿಂಗಽ ರೀ," ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೀಗರು ಸಂಕೋಚ ಮಾಡಬಾರದಂತ ಮೊದ್ಲ ತಾನಽ ಕುಡೀತಿದ್ದ."

ಬಸ್‌ಸ್ಟ್ಯಾಂಡಿನವರೆಗೂ ನನ್ನ ನಾಡಿ ನಾನೇ ಹಿಡಿದುಕೊಂಡು ನಡೆದೆ. ಏನೇ ಅನ್ರಿ, ಚಹಾ ಮಾತ್ರ ಭಾಳ ಚಲೋ ಇತ್ತು.