ಉಡಿದಾರದಲ್ಲಿ ಅಳೆದ ವಿಮಾನದ ದಾರಿ

ಮೊಮ್ಮಗಳು ಬರುತ್ತಾಳೆ ಎಂದು ಫೋನ್ ಬಂದ ದಿನ ಬನಶಂಕರಿಯ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನನ್ನೂ ಬಿಡದೆ ಎಲ್ಲರಿಗೂ ಹೇಳಿದ್ದೆ. ಬಾಣಂತನಕ್ಕೆ ತವರಿಗೆ ಬರಬೇಕಿದ್ದ ಮಗಳನ್ನು, ಪ್ರಯಾಣ ಬೇಡವೆಂದು ಡಾಕ್ಟರು ಕಲ್ಕತ್ತದಲ್ಲೇ ಉಳಿಸಿದ್ದರು. ಈಗ ಮಗುವಿಗೆ ಮೂರು ತಿಂಗಳು ತುಂಬಿ, ಇಬ್ಬರೂ ವಿಮಾನದಲ್ಲಿ ಬರುವವರಿದ್ದರು. ನಮ್ಮಲ್ಲಿ ಮೊದಲ ಉಡಿದಾರ, ಅಂದರೆ ಸೊಂಟದ ಕರಿದಾರ, ತಾಯಿಯ ತಾಯಿಯೇ ಕಟ್ಟಬೇಕು. ಆ ಪುಟ್ಟ ಸೊಂಟ ಬರಿದಾಗಿ ನನಗೋಸ್ಕರ ಕಾದಿತ್ತು. ಆ ಹಿಗ್ಗನ್ನು ಹೇಗೆ ಬರೆಯಲಿ!

ಅವರು ಬರುವ ಹಿಂದಿನ ಮಧ್ಯಾಹ್ನ ನಾನು ಕೊಬ್ಬರಿ ತುರಿಯುತ್ತಿದ್ದೆ. ಯಜಮಾನರು ನಡುಮನೆಯ ಗೋಡೆಗೆ ಭಾರತದ ಭೂಪಟ ತೂಗುಹಾಕಿ, ಬೆಂಗಳೂರಿನ ಮೇಲೆ ಹೆಬ್ಬೆರಳು ಒತ್ತಿ, ಕಲ್ಕತ್ತದವರೆಗೆ ದಾರ ಎಳೆದು ನಿಂತಿದ್ದರು.

"ಬಾರೇ ಇಲ್ಲಿ. ರೈಲಾದ್ರೆ ಸುತ್ತಿ ಬಳಸಿ ಬರುತ್ತೆ. ವಿಮಾನ ಈ ದಾರದ ಥರ, ನೆಟ್ಟಗೆ!"

"ಮಧ್ಯ ಬೆಟ್ಟಗಿಟ್ಟ ಸಿಕ್ಕಿದ್ರೆ?"

"ಬೆಟ್ಟ ಕೆಳಗಿರುತ್ತೆ ಕಣೇ!"

ಕಲ್ಕತ್ತದ ಚುಕ್ಕೆಗೆ ಸರಿಯಾಗಿ ದಾರ ಕತ್ತರಿಸಿ, ಭೂಪಟದ ಅಡಿಯ ಅಳತೆಗೆರೆಗೆ ಹಿಡಿದು, "ಸಾವಿರದೈನೂರು ಕಿಲೋಮೀಟ್ರು, ಮೇಲೆ ಚೂರು" ಎಂದು ನಕ್ಕರು. ನನ್ನ ಕಣ್ಣು ಅವರ ಕೈಮೇಲಿತ್ತು. ಕರಿದಾರ. ಉಡಿದಾರಕ್ಕೆಂದು ನನ್ನ ಡಬ್ಬಿಯಲ್ಲಿಟ್ಟಿದ್ದ ಉಂಡೆಯಿಂದ ತೆಗೆದದ್ದು.

"ಕತ್ತರಿಸಿಬಿಟ್ರಾ?"

"ದಾರ ತಾನೇ, ಅದಕ್ಯಾಕೆ..." ಎನ್ನುತ್ತಲೇ ದಾರವನ್ನು ಜೇಬಿಗೆ ತುರುಕಿಕೊಂಡರು. ಅವರಿಗೂ ನೆನಪಾಗಿತ್ತು.

ಮಗುವನ್ನು ಕಣ್ಣಾರೆ ನೋಡುವ ಮೊದಲು ಉಡಿದಾರ ಕತ್ತರಿಸಬಾರದು. ನಮ್ಮ ಚೊಚ್ಚಲ ಮಗುವಿಗೆಂದು ನನ್ನ ಅಮ್ಮ ಆಸೆಯಿಂದ ಹೆರಿಗೆಗೆ ಮೊದಲೇ ಕತ್ತರಿಸಿಟ್ಟಿದ್ದರು. ಆ ಹೆಣ್ಣುಮಗು ಒಂದು ಹಗಲು ಉಸಿರಾಡಿ ಹೋಯಿತು. ದಾರ ಮಾತ್ರ ಅದೇ ಡಬ್ಬಿಯಲ್ಲಿ ಉಳಿದಿತ್ತು.

ಮರುದಿನ ಯಜಮಾನರು ಏರ್‌ಪೋರ್ಟಿಗೆ ಹೋದರು. ನಾನು ಆರತಿ ತಟ್ಟೆ ಸಿದ್ಧಮಾಡಿ ತಾರಸಿಯಲ್ಲಿ ನಿಂತೆ. ದೂರದಲ್ಲಿ ವಿಮಾನ ಗುಡುಗಿದಾಗಲೆಲ್ಲ ಭಯದಿಂದ ಕತ್ತೆತ್ತಿ ನೋಡುತ್ತಿದ್ದೆ. ಸದ್ದು ನಿಂತರೆ ಇನ್ನೂ ಭಯ. ದಾರ ತುಂಡಾದ ಹಾಗೆ ವಿಮಾನದ ದಾರಿಯೂ ಮೇಲೆಲ್ಲೋ ತುಂಡಾಗಿದೆ ಎನ್ನಿಸುತ್ತಿತ್ತು.

ಕೊನೆಗೆ ಟ್ಯಾಕ್ಸಿ ಬಂತು. ಆರತಿ ಎತ್ತಿ ಮುಗಿಯುವಷ್ಟು ತಾಳ್ಮೆಯೂ ಮಗಳಿಗಿರಲಿಲ್ಲ.

"ಅಮ್ಮಾ, ಹಿಡ್ಕೋ ನಿನ್ನ ಮೊಮ್ಮಗಳನ್ನ! ನನ್ನ ಕೈ ಬಿದ್ದೋಯ್ತು!"

ಎಂಥ ಭಾರ! ಎಂಥ ತೊಡೆ! ಯಜಮಾನರು ಅಳುಕುತ್ತಲೇ ಜೇಬಿನಿಂದ ಆ ದಾರ ತೆಗೆದರು. ನಾನೇ ಕಿತ್ತುಕೊಂಡು ಮಗುವಿನ ಸೊಂಟಕ್ಕೆ ಸುತ್ತಿದೆ. ಗಂಟು ಹಾಕುವುದಿರಲಿ, ಎರಡು ತುದಿಯೂ ಕೂಡಲಿಲ್ಲ.

"ನೋಡಮ್ಮ, ನಿನ್ನ ಮಗಳ ಸೊಂಟ ಕಲ್ಕತ್ತಕ್ಕಿಂತ ದೂರ!" ಎಂದು ಯಜಮಾನರು ನಕ್ಕರು, ಕಣ್ಣೊರೆಸಿಕೊಂಡರು. ನಾನು ಮಗುವನ್ನು ತಲೆಯಿಂದ ಪಾದದವರೆಗೆ ನೋಡಿ, ಆಮೇಲೆ ಉಂಡೆಯಿಂದ ಹೊಸ ದಾರ ಕತ್ತರಿಸಿ ಕಟ್ಟಿದೆ.

ಉದ್ದ ಸಾಲದೆ ಹೋದ ದಾರವನ್ನು ಡಬ್ಬಿಗೆ ಹಾಕುವಾಗ ಚೊಚ್ಚಲ ಮಗುವಿನ ಹಳೆಯ ದಾರದ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಉದ್ದ ಇದ್ದವು. ನಡುಮನೆಯಲ್ಲಿ ಮಗು ಕೇಕೆ ಹಾಕುತ್ತಿತ್ತು.

ಇವತ್ತಿಗೂ ತಲೆಯ ಮೇಲೆ ವಿಮಾನ ಹೋದರೆ ಅದರಲ್ಲಿ ಒಂದು ಹಗಲಷ್ಟೇ ಇದ್ದ ಆ ಇನ್ನೊಬ್ಬಳು ಬರುತ್ತಿದ್ದಾಳೆ ಅನ್ನಿಸಿ, ಕೈಕೆಲಸ ನಿಲ್ಲಿಸಿ ಬಾಗಿಲ ಕಡೆ ತಿರುಗುತ್ತೇನೆ.