ನಾಲ್ಕು ಎಣಿಸುವ ತನಕ

ಭಂಕೂರಿನ ಸಾಬಣ್ಣನಿಗೆ ಜೀವಂತ ಮನುಷ್ಯರನ್ನು ಕಂಡರೆ ನಾಚಿಕೆ. ಫೋಟೊ ಹೊಡೆಯುವ ಹುಚ್ಚು ಇದ್ದವನಿಗೆ ಇರಬಾರದ ರೋಗ ಅದು. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತೆಂಟು ವರ್ಷ ಸ್ಟುಡಿಯೊ ನಡೆಸಿದವನು ನಾನು, ಶೌಕತ ಅಲಿ. ಎಂಥೆಂಥವರಿಗೋ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ್ದೇನೆ. ಕೈ ನಡುಗುವವನಿಗೆ ಕಲಿಸಬಹುದು, ಒಕ್ಕಣ್ಣನಿಗೂ ಕಲಿಸಬಹುದು. ನಾಚುವವನಿಗೆ ಏನು ಕಲಿಸುತ್ತೀರಿ? "ಅಮ್ಮಾರ, ಗದ್ದ ಜರಾ ಮ್ಯಾಲ ಮಾಡ್ರಿ" ಅನ್ನುವಷ್ಟು ಮಾತು ಬಾಯಿಂದ ಹೊರಡದಿದ್ದರೆ ಕೈಯಲ್ಲಿ ಎಂಥ ಕ್ಯಾಮೆರಾ ಇದ್ದರೂ ಅಷ್ಟೇ.

ಅವನ ಅಪ್ಪ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಅಪ್ಪ ತೀರಿದ ಮೇಲೆ ಸಾಬಣ್ಣ ಹರಿಗೋಲನ್ನು ಬೋರಲು ಹಾಕಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗೆ ಸೇರಿದ. ಕಲ್ಲಿನ ಜೊತೆ ಮಾತಾಡುವ ಗೋಜಿಲ್ಲ, ಅದಕ್ಕೇ ಸೇರಿದನೆಂದು ಅವನ ಅವ್ವ ಮಾಣಿಕಮ್ಮ ಚೇಷ್ಟೆ ಮಾಡುತ್ತಿದ್ದಳು. ವಾಡಿಯಲ್ಲಿ ಒಬ್ಬ ರೈಲ್ವೆ ಗಾರ್ಡನ ಮನೆಗೆ ಇವನು ನೆಲಕ್ಕೆ ಕಲ್ಲು ಕೂಡಿಸಿಕೊಟ್ಟಿದ್ದ. ಆ ಗಾರ್ಡ್ ನಿವೃತ್ತನಾಗಿ ಊರು ಬಿಡುವಾಗ ತನ್ನ ಹಳೆಯ ಕ್ಯಾಮೆರಾವನ್ನು ಖುಷಿಯಿಂದ ಇವನ ಕೈಗಿಟ್ಟ. ಅದು ಅರವತ್ತೆರಡನೇ ಇಸವಿ.

ಕ್ಯಾಮೆರಾ ಅಂದರೆ ಒಂದು ಕರೀ ಡಬ್ಬಿ. ಒತ್ತಲು ಒಂದು ಗುಂಡಿ, ಪಕ್ಕಕ್ಕೆ ಒಂದು ಕೀಲಿ. ಕೀಲಿ ಒಳಗಿದ್ದರೆ ಡಬ್ಬಿಯ ಕಣ್ಣು ಒಂದು ಸಲ ಮಿಟುಕಿ ಮುಚ್ಚುತ್ತದೆ. ಬಿಸಿಲಿನಲ್ಲಿ ಹೊಡೆಯಲು ಅದು. ಕೀಲಿ ಹೊರಗೆ ಎಳೆದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಕಣ್ಣು ತೆರೆದೇ ಇರುತ್ತದೆ; ಕತ್ತಲ ಕೋಣೆಗೆ ಅದು. ಇಷ್ಟನ್ನೂ ಹೇಳಿಕೊಟ್ಟವನು ನಾನೇ. ರೋಲು ತೊಳೆದುಕೊಡುವವನೂ ನಾನೇ.

ಮೊದಲ ರೋಲುಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬೆನ್ನು, ಮೊಣಕೈ, ಅರ್ಧ ರುಮಾಲು. ಯಾರೂ ತನ್ನ ಕಡೆ ನೋಡದಿರುವಾಗ ಹೊಡೆಯುತ್ತಿದ್ದ. ಯಾರಾದರೂ ಇತ್ತ ತಿರುಗಿದರೆ ಡಬ್ಬಿಯನ್ನು ಟವೆಲಿನೊಳಗೆ ಮುಚ್ಚಿಕೊಂಡು ಕಾಲ್ಕೀಳುತ್ತಿದ್ದ. "ಏನೋ ಸಾಬಣ್ಣ, ನಿಮ್ಮೂರಾಗ ಯಾರಿಗೂ ಮಾರಿ ಇಲ್ಲೇನು?" ಅಂದರೆ ನೆಲ ನೋಡಿ ನಗುತ್ತಿದ್ದ.

ಒಂದು ದಿನ ಮಾತ್ರ ನಗಲಿಲ್ಲ. "ನನ್ನ ಹೇಣ್ತಿ ಬಾಣಂತನದಾಗ ಹೋಗಿ ಆರು ವರ್ಷ ಆತ್ರಿ ಶೌಕತಭಾಯ್," ಅಂದ. "ಆಕೀದೊಂದು ಫೋಟೊ ಇಲ್ಲ. ಈಗ ಮಾರಿ ನೆನಪಿಗಿ ಬರಂಗಿಲ್ರಿ. ಸೀರಿ ನೆನಪದ, ಬಳಿ ನೆನಪದ, ಮಾರಿ ಇಲ್ಲ. ಅವ್ವಂದಾದ್ರೂ ಒಂದು ಇರಬೇಕ್ರಿ. ಅದಕ್ಕ ಕಲಿಯಾಕತ್ತೀನಿ."

ಅವ್ವನದು ಒಂದು ಫೋಟೊ. ಅವನ ಆಸೆ ಅಷ್ಟೇ, ಅದರಾಚೆ ಇಲ್ಲ. ಆದರೆ ಮಾಣಿಕಮ್ಮ ಹೊಳೆ ಮೀನು ಮಾರುವ ಹೆಂಗಸು. ಶಹಾಬಾದಿನ ಸಂತೆಯಲ್ಲಿ ಆಕೆಯ ಧ್ವನಿ ರೈಲಿನ ಸೀಟಿಗೆ ಸಮ. ಬಾಯಲ್ಲಿ ಸದಾ ಎಲೆ, ಕೈ ಒಂದು ಕಡೆ, ಕತ್ತು ಒಂದು ಕಡೆ, ಒಂದು ಚಣ ಸುಮ್ಮನೆ ಕೂತವಳಲ್ಲ. "ನನ್ನ ಆಯುಷ್ಯ ಆ ಡಬ್ಬ್ಯಾಗ ಹಾಕಬ್ಯಾಡೋ" ಎಂದು ಮಗನನ್ನು ಗದರುತ್ತಿದ್ದಳು. ಅವನೂ ಒತ್ತಾಯಿಸುವವನಲ್ಲ. ಹೆತ್ತ ತಾಯಿಗೂ "ಇತ್ತ ನೋಡು" ಅನ್ನಲು ಅವನಿಗೆ ನಾಚಿಕೆ.

ಈಗ ನನ್ನ ಪಾಪದ ಮಾತು. ಆಗ ನಮ್ಮ ಕಡೆ ಮನೆಯ ಹಿರಿಯರಿಗೆ ಬದುಕಿದ್ದಾಗ ಫೋಟೊ ಇರುತ್ತಿರಲಿಲ್ಲ. ಸತ್ತ ಮೇಲೆ ಕುರ್ಚಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಬೀಳದ ಹಾಗೆ ಎದೆಗೊಂದು ಶಲ್ಯ ಬಿಗಿದು ಫೋಟೊ ಹೊಡೆಸುತ್ತಿದ್ದರು. ಆ ಮುಚ್ಚಿದ ಕಣ್ಣಿನ ಮೇಲೆ ಸಣ್ಣ ಕುಂಚ ಹಿಡಿದು ತೆರೆದ ಕಣ್ಣು ಬರೆಯುವುದು ನನ್ನ ಕೆಲಸ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅಜ್ಜ ಎದ್ದು ಕೂತ ಹಾಗೆ ಕಾಣುತ್ತಿದ್ದ. ಬೇರೆಯವರು ಹೊಡೆದು ತಂದ ಫೋಟೊಕ್ಕೆ ಕಣ್ಣು ಬರೆಯುತ್ತಿದ್ದೆ ನಿಜ, ಆದರೆ ಹೆಣದ ಮನೆಗೆ ನನ್ನ ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಒಯ್ದರೆ ಮರುದಿನ ಯಾವ ಮದುವಣಗಿತ್ತಿ ಅದರ ಮುಂದೆ ಕೂತಾಳು? ರಾವೂರಿನ ಖಂಡೆಪ್ಪ ಎಂಬವನು ತನ್ನ ಅಪ್ಪ ತೀರಿಕೊಂಡನೆಂದು ಓಡಿ ಬಂದಾಗ ನನಗೆ ಸಾಬಣ್ಣ ನೆನಪಾದ. "ಪುಣ್ಯದ ಕೆಲಸ, ಹೋಗಿ ಬಾ" ಅಂದೆ. ಪುಣ್ಯ ಅವನಿಗೆ ಬಿಟ್ಟು ಧಂದೆ ನಾನು ಉಳಿಸಿಕೊಂಡೆ.

ಫೋಟೊ ನೋಡಿ ನಾನೇ ಬೆರಗಾದೆ. ಒಳಮನೆಯ ಅರೆಗತ್ತಲಲ್ಲಿ ಕ್ಯಾಮೆರಾವನ್ನು ಕಲ್ಲಿನ ಮೇಲೆ ಕೂಡಿಸಿ, ಕೀಲಿ ಎಳೆದು, ಗುಂಡಿ ಒತ್ತಿ ಹಿಡಿದು ನಾಲ್ಕು ಎಣಿಸಿದ್ದ. ಮುದುಕನ ಮುಖದ ಒಂದೊಂದು ಸುಕ್ಕೂ ಎದ್ದು ಕಾಣುತ್ತಿತ್ತು. "ಹ್ಯಾಂಗ ಬಂತೋ ಇದು?" ಅಂದರೆ, "ಅವರು ನನ್ನ ನೋಡಂಗಿಲ್ಲಲ್ರಿ, ನಾಚಿಕಿ ಬರಲಿಲ್ಲ" ಅಂದ.

ಅಲ್ಲಿಂದ ಒಂಬತ್ತು ವರ್ಷ ಅದೇ ಆಯಿತು. ಚಿತ್ತಾಪುರ, ವಾಡಿ, ರಾವೂರ, ಎಲ್ಲಿ ಯಾರು ಸತ್ತರೂ ನನ್ನಲ್ಲಿಗೆ ಬರುತ್ತಿದ್ದರು, ನಾನು ಸಾಬಣ್ಣನನ್ನು ಕಳಿಸುತ್ತಿದ್ದೆ. ಅವನು ಗಣಿಯ ಪಾಳಿ ಬಿಟ್ಟು ಹೋಗುತ್ತಿದ್ದ. ಹೋಗುವಾಗ ಸತ್ತವರ ಮನೆಯವರು ಅಣ್ಣಾ, ತಮ್ಮಾ ಎಂದು ಕೈಹಿಡಿದು ಕರೆದುಕೊಂಡು ಹೋಗುವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅದೇ ಜನ ತಮ್ಮ ಮನೆಯ ಮದುವೆಗೆ ಕರೆಯುವಾಗ, "ನೀ ಬಾ, ಡಬ್ಬಿ ತರಬ್ಯಾಡ" ಅನ್ನುವರು. ಕ್ಯಾಮೆರಾಕ್ಕೆ ಹೆಣದ ಡಬ್ಬಿ ಎಂದು ಹೆಸರು ಬಿತ್ತು. ಇವನು ಅದನ್ನು ಹಿಡಿದು ಓಣಿಯಲ್ಲಿ ಬಂದರೆ ಹೆಂಗಸರು ಕೂಸುಗಳನ್ನು ಒಳಗೆ ಎಳೆದುಕೊಳ್ಳುವರು. ಮೊದಲು ಅವನು ಜನರಿಗೆ ಹೆದರುತ್ತಿದ್ದ, ಈಗ ಜನ ಅವನಿಗೆ ಹೆದರಿದರು. ಬದುಕಿದವರ ಮುಖವಂತೂ ಅವನಿಗೆ ದಕ್ಕಲಿಲ್ಲ.

ಎಪ್ಪತ್ತೊಂದರ ಬೇಸಿಗೆಯಲ್ಲಿ ಭಂಕೂರಿನ ಮಹಾದೇವಮ್ಮ ತೀರಿಕೊಂಡಳು. ಮಾಣಿಕಮ್ಮನ ಪಕ್ಕದ ಮನೆಯಾಕೆ, ಸಣ್ಣಂದಿನಿಂದ ಗೆಳತಿ. ಫೋಟೊ ಹೊಡೆದವನು ಸಾಬಣ್ಣ, ಕಣ್ಣು ಬರೆದವನು ನಾನು. ಕಟ್ಟು ಹಾಕಿಸಿ ಕಳಿಸಿದ ಮೂರನೇ ದಿನ ಮಾಣಿಕಮ್ಮ ಮೀನಿನ ಬುಟ್ಟಿ ಸಮೇತ ನನ್ನ ಸ್ಟುಡಿಯೊಕ್ಕೆ ನುಗ್ಗಿದಳು.

"ಏ ಶೌಕತಾ, ಮಾದೇವಿಗಿ ಅದು ಯಾರ ಕಣ್ಣು ಹಚ್ಚೀದಿ?"

"ಯಾಕ ಯವ್ವಾ, ಛಲೋ ಇಲ್ಲೇನು?"

"ಛಲೋ ಅವ, ಭಾಳ ಛಲೋ ಅವ. ಆದರ ಆಕೀವಲ್ಲ! ಆಕೀಗಿ ಎಡಗಣ್ಣು ಸಣ್ಣದಿತ್ತು. ನನ್ನ ನೋಡಿದ್ರ ಅದನ್ನ ಮತ್ತೂ ಸಣ್ಣ ಮಾಡಿ ನಗ್ತಿದ್ಳು. ನೀ ಬರೆದಿದ್ದು ಯಾವುದೋ ಸಿನಿಮಾದಾಕಿ ಕಣ್ಣು. ಅಲ್ಲಿ ಗ್ವಾಡಿ ಮ್ಯಾಲ ಯಾಕಿಯೋ ಕುಂತಾಳ, ನನ್ನ ಗೆಳತಿ ಇಲ್ಲ."

ಹೈದರಾಬಾದಿನ ಉಸ್ತಾದರು ನನಗೆ ಕಲಿಸಿದ್ದು ಎರಡೇ ಜೋಡಿ ಕಣ್ಣು, ಗಂಡಸರಿಗೊಂದು, ಹೆಂಗಸರಿಗೊಂದು. ಊರೂರಿನ ಗೋಡೆಗಳ ಮೇಲೆ ಸತ್ತವರೆಲ್ಲ ಆ ಎರಡು ಜೋಡಿ ಕಣ್ಣಿನಿಂದಲೇ ನೋಡುತ್ತಿದ್ದಾರೆ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದವಳು ಈ ಮೀನಿನ ಮುದುಕಿ ಒಬ್ಬಳೇ.

"ಸತ್ತ ಮ್ಯಾಲ ನನಗೂ ಇವೇ ಕಣ್ಣು ಹಚ್ತಿ," ಅಂದಳು. "ಒಲ್ಲೆ ನಾ. ನನ್ನ ಕಣ್ಣು ನನಗಿರ್ಲಿ." ಹೋಗಿ ಅವತ್ತೇ ಮಗನಿಗೆ, "ಹೊಡಿಯೋ ನಿನ್ನ ಫೋಟೊ" ಅಂದಳಂತೆ.

ಮರುದಿನ ಸಾಬಣ್ಣ ರೋಲು ತಂದುಕೊಟ್ಟಾಗ ಅವನ ಮುಖ ನೋಡಬೇಕಿತ್ತು. ಮದುವೆಯಾದ ದಿನವೂ ಹಾಗೆ ನಕ್ಕಿರಲಿಕ್ಕಿಲ್ಲ. "ಅವ್ವಗ ಬಾಯಿ ಬಿಟ್ಟು ಹೇಳಿದೆ ಶೌಕತಭಾಯ್, ಯವ್ವಾ ಇತ್ತ ನೋಡು ಅಂತ. ನೋಡಿದ್ಳು! ನನ್ನೇ ನೋಡಿ ನಕ್ಕಳ್ರಿ." ಓಣಿಯವರು ಆಡಿಕೊಳ್ಳುತ್ತಾರೆಂದು ಆಕೆ ಅಂಗಳಕ್ಕೆ ಬಂದಿರಲಿಲ್ಲ, ಒಳಮನೆಯಲ್ಲೇ ಗೋಡೆಗೆ ಒರಗಿ ಕೂತಿದ್ದಳು. ರೋಲಿನಲ್ಲಿ ಎಂಟು ಫೋಟೊ. ಏಳು ಹೆಣಗಳಿಗೆ ಹೋಗಿದ್ದವು. ಎಂಟನೆಯದು ಅವ್ವ.

ಮದುವೆಗಳ ಸುಗ್ಗಿ ಅದು. ನನ್ನ ಮೇಜಿನ ಮೇಲೆ ಮದುವೆಯ ರೋಲುಗಳು ರಾಶಿ ಬಿದ್ದಿದ್ದವು. ಸಾಬಣ್ಣನ ರೋಲನ್ನು ನಾನು ಮೇಜಿನ ಖಾನೆಯಲ್ಲಿ ಹಾಕಿದೆ. ಹೆಣದ ರೋಲಿಗೆ ಅವಸರವೇನು ಎಂಬುದು ನನ್ನ ರೂಢಿ. ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದ. ಕೇಳಲು ನಾಚಿಕೆ ಅವನಿಗೆ. ನನಗೆ ಹೇಳಲು ಪುರುಸೊತ್ತಿರಲಿಲ್ಲ.

ರೋಲು ತಂದುಕೊಟ್ಟ ಹನ್ನೊಂದನೇ ದಿನ ಮಾಣಿಕಮ್ಮ ಹೋದಳು. ವಾಂತಿಭೇದಿ, ಒಂದೇ ಹಗಲಿನಲ್ಲಿ ಮುಗಿಯಿತು. ಸುದ್ದಿ ಕೇಳಿ ನಾನು ಭಂಕೂರಿಗೆ ಹೋದೆ. ಹಿರಿಯ ಅಂಬಾರಾಯ, ಸಾಬಣ್ಣನ ಸೋದರಮಾವ, ಆಗಲೇ ಕುರ್ಚಿ ತರಿಸಿದ್ದ. "ಊರಿಗೆಲ್ಲ ಹೊಡದೀದಿ, ನಿಮ್ಮವ್ವಂದು ಒಂದು ಹೊಡಿಯೋ," ಅಂದ.

ಸಾಬಣ್ಣ ಅಷ್ಟು ಜನರ ನಡುವೆ ತಲೆಯೆತ್ತಿ ಮಾತಾಡಿದ. "ಬ್ಯಾಡ ಮಾಮಾ. ಅವ್ವನ ಜೀವಂತ ಫೋಟೊ ಅದ. ಆಕೀಗಿ ಬರೆದ ಕಣ್ಣು ಬ್ಯಾಡಾಗಿದ್ವು." ಆಮೇಲೆ ನನ್ನ ಕಡೆ ತಿರುಗಿದ. "ರೋಲು ತೊಳದ್ರೇನ್ರಿ ಶೌಕತಭಾಯ್? ಹ್ಯಾಂಗ ಬಂದದ?"

ಎಲ್ಲರೂ ನನ್ನನ್ನೇ ನೋಡಿದರು. ಹನ್ನೊಂದು ದಿನದಿಂದ ನಿನ್ನವ್ವನನ್ನು ಖಾನೆಯಲ್ಲಿ ಇಟ್ಟಿದ್ದೇನೆ ಎಂದು ಹೆಣದ ಮುಂದೆ ಹೇಗೆ ಹೇಳಲಿ? "ತೊಳದೀನಿ," ಅಂದೆ. "ಭಾಳ ಛಲೋ ಬಂದದ."

ಕುರ್ಚಿ ಹಿಂದಕ್ಕೆ ಹೋಯಿತು. ಮಾಣಿಕಮ್ಮ ಮಣ್ಣಿಗೆ ಹೋದಳು.

ಮರುದಿನ ಬೆಳಿಗ್ಗೆ ಮದುವೆಗಳನ್ನೆಲ್ಲ ಬದಿಗಿಟ್ಟು ಆ ರೋಲು ತೊಳೆದೆ. ಏಳು ಹೆಣಗಳೂ ಚೊಕ್ಕ ಬಂದಿದ್ದವು. ಎಂಟನೆಯದನ್ನು ಕಾಗದಕ್ಕೆ ಇಳಿಸಿದೆ. ಹಿಂದಿನ ಫರ್ಸಿ ಗೋಡೆಯ ಸಂದು ಸಂದೂ ಕಾಣುತ್ತಿತ್ತು. ಪಕ್ಕದ ಹಿತ್ತಾಳೆ ಕೊಡ ಹೊಳೆಯುತ್ತಿತ್ತು. ಮೊಣಕಾಲ ಮೇಲಿನ ಸೀರೆಯ ದಡಿ ಇತ್ತು. ಮುಖವಿದ್ದಲ್ಲಿ ಬಳಪ ಒರೆಸಿದ ಪಾಟಿಯ ಹಾಗೆ ಒಂದು ಬಿಳಿ ಮಸುಕು. ಆಕೆ ಎಂದಿನಂತೆ ಎಲೆ ಅಗಿಯುತ್ತ, ಮಾತಾಡುತ್ತ, ನಗುತ್ತ ಕೂತಿದ್ದಾಳೆ. ಇವನು ಎಂದಿನಂತೆ ಕೀಲಿ ಎಳೆದು ನಾಲ್ಕು ಎಣಿಸಿದ್ದಾನೆ.

ಸಾಬಣ್ಣ ಬಂದು ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಅಲುಗಬ್ಯಾಡ ಅಂತ ಹೇಳೋದು ಮರತೆ," ಅಂದ. "ಒಂಬತ್ತು ವರ್ಷದಾಗ ಯಾರಿಗೂ ಹೇಳಿದ್ದೇ ಇಲ್ಲಲ್ರಿ."

ನನಗೆ ತಡೆಯಲಾಗಲಿಲ್ಲ. "ನಾ ಬರಿತೀನಿ ಸಾಬಣ್ಣ. ಕಣ್ಣು, ಮಾರಿ ಎಲ್ಲಾ ಬರಿತೀನಿ. ಹ್ಯಾಂಗಿತ್ತು ಹೇಳು, ಹಂಗೇ ಬರಿತೀನಿ."

ಅವನು ಕಣ್ಣು ಮುಚ್ಚಿ ನಿಂತ. ಕಡೆಗೆ, "ಅವ್ವನ ಕಣ್ಣು ಒಂದು ಕಡೆ ನಿಲ್ತಿದ್ದಿಲ್ರಿ," ಅಂದ. ಆಮೇಲೆ ನನ್ನನ್ನು ನೇರ ನೋಡಿದ, ಅಷ್ಟು ವರ್ಷಗಳಲ್ಲಿ ಮೊದಲ ಸಲ. "ಅವತ್ತ ತೊಳದೀನಿ ಅಂದಿದ್ರಿ. ಛಲೋ ಬಂದದ ಅಂದಿದ್ರಿ."

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕರೀ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಫೋಟೊವನ್ನು ಅದರ ಮೇಲೆ ಬೋರಲು ಹಾಕಿ ಹೋದ. ಆಮೇಲೂ ಹದಿನಾಲ್ಕು ವರ್ಷ ಗಣಿಯಲ್ಲಿ ಕಲ್ಲು ಒಡೆದ. ಎದುರು ಸಿಕ್ಕರೆ ನೆಲ ನೋಡಿಕೊಂಡು ದಾಟುತ್ತಿದ್ದ. ಯಾವ ಕ್ಯಾಮೆರಾವನ್ನೂ ಮತ್ತೆ ಮುಟ್ಟಲಿಲ್ಲ.

ಅವನು ಡಬ್ಬಿ ಇಟ್ಟು ಹೋದ ವಾರದಲ್ಲೇ ರಾವೂರಿನಿಂದ ಜನ ಬಂದರು, ಮುದುಕಿಯೊಬ್ಬಳು ಸತ್ತಿದ್ದಾಳೆಂದು. ಕಳಿಸಲು ಯಾರೂ ಇರಲಿಲ್ಲ. ಅದೇ ಡಬ್ಬಿಗೆ ರೋಲು ಹಾಕಿಕೊಂಡು ನಾನೇ ಹೋದೆ. ಒಳಮನೆಯಲ್ಲಿ ಕುರ್ಚಿಯ ಮುಂದೆ ಕೂತು, ಕೀಲಿ ಎಳೆದು, ಗುಂಡಿ ಒತ್ತಿ ನಾಲ್ಕು ಎಣಿಸಿದೆ. ಮುದುಕಿ ಅಲುಗಲಿಲ್ಲ. ಫೋಟೊ ಭಾಳ ಛಲೋ ಬಂತು.